ಗುರುತು ಕೂಡಿದರೆ ಸಾಕೇ?

ಪರರ ಕಣ್ಣಿಗೆ ಬೀಳದ ಕೆಲಸದಲ್ಲಿ ಮನುಷ್ಯನು ಎಷ್ಟರಮಟ್ಟಿಗೆ ಪ್ರಾಮಾಣಿಕನಾಗಿರಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಪ್ಲೇಟೊ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಗೈಜೀಸನ ಉಂಗುರದ ಕಥೆಯನ್ನು ಗ್ಲಾಕನ್ನನ ಬಾಯಿಂದ ಹೇಳಿಸಿದ್ದಾನೆ. ಉಂಗುರವನ್ನು ತಿರುಗಿಸಿದೊಡನೆ ಅದೃಶ್ಯನಾಗಬಲ್ಲವನು ನ್ಯಾಯವಂತನಾಗಿಯೇ ಉಳಿಯುವನೇ ಎಂಬುದು ಅಲ್ಲಿಯ ಪ್ರಶ್ನೆ. ನಮ್ಮಲ್ಲಿ ಇದೇ ಪ್ರಶ್ನೆ ಕನಕದಾಸರ ಬಾಳೆಯ ಹಣ್ಣಿನ ಕಥೆಯಾಗಿ ಬಂದಿದೆ. ಯಾರೂ ಇಲ್ಲದೆಡೆ ಹಣ್ಣನ್ನು ತಿಂದು ಬನ್ನಿರೆಂದು ಗುರುಗಳು ಹೇಳಿದಾಗ ಉಳಿದ ಶಿಷ್ಯರೆಲ್ಲ ಮೂಲೆ ಹುಡುಕಿ ತಿಂದು ಬಂದರು. ಕನಕನೊಬ್ಬನು ಹಣ್ಣನ್ನು ಹಾಗೆಯೇ ಮರಳಿ ತಂದನು. ದೇವರಿಲ್ಲದ ಸ್ಥಳವೇ ಅವನಿಗೆ ಸಿಕ್ಕಿರಲಿಲ್ಲ. ನಾನು ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಹೇಳುವ ಕಥೆಯಿದು, ಹೇಳಿ ಬೇಸರವಾದುದಿಲ್ಲ.

ಆದರೆ ಈ ಎರಡು ಕಥೆಗಳಲ್ಲಿಯೂ ಒಂದು ಲಾಭದ ಆಸೆಯಿದೆ. ಉಂಗುರದವನಿಗೆ ರಾಜ್ಯ ಸಿಗುತ್ತದೆ, ಶಿಷ್ಯರಿಗೆ ಹಣ್ಣು ಸಿಗುತ್ತದೆ. ನಾನು ವಿಚಾರಕ್ಕೆ ತೆಗೆದುಕೊಳ್ಳಬೇಕೆಂದಿರುವ ಸಂದರ್ಭದಲ್ಲಿ ಕದಿಯಲು ಏನೂ ಇಲ್ಲ, ಸುಳ್ಳು ಹೇಳುವವರೂ ಇಲ್ಲ. ಒಬ್ಬ ಕೆಲಸಗಾರನು ವಿಧಿಸಿದ್ದನ್ನು ವಿಧಿಸಿದಂತೆಯೇ ಮಾಡಿ, ಮುಚ್ಚಳ ಹಾಕಿ, ಕೈ ತೊಳೆದುಕೊಳ್ಳುತ್ತಾನೆ. ಆದರೂ ಕೆಲಸ ತಪ್ಪಾಗಿರಬಹುದು. ಆಗ ಅವನ ಮೇಲೆ ದೋಷವುಂಟೇ? ಮೋಟಾರು ಗಾಡಿಯ ಯಂತ್ರವನ್ನು ಪೂರ್ತಿ ಬಿಚ್ಚಿ ಮರಳಿ ಕಟ್ಟುವಾಗ ಕ್ಯಾಮ್‌ಶಾಫ್ಟಿನ ಟೈಮಿಂಗನ್ನು ಕೂಡಿಸುವ ಕೆಲಸವು ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆಂದು ನನಗೆ ತೋರಿದೆ. ಸಾಹಿತ್ಯ ಪತ್ರಿಕೆಯಲ್ಲಿ ಎಣ್ಣೆ ಗ್ರೀಸುಗಳ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಾರದು. ‘ಕಾಯಕ’ ಎಂಬ ಶಬ್ದಕ್ಕೆ ಇಷ್ಟು ಬೆಲೆ ಕೊಟ್ಟ ಭಾಷೆಯಲ್ಲಿ, ಅದೂ ಸಿದ್ಧರಾಮನು ಕೆರೆ ಕಟ್ಟಿಸಿದ ಈ ಸೊನ್ನಲಿಗೆಯ ನೆಲದಲ್ಲಿ, ಕೈಕೆಲಸದ ನೀತಿಯನ್ನು ವಿಚಾರಿಸುವುದು ಹೊರಗಿನ ಮಾತಾಗಲಾರದು.

ಮೊದಲು ಯಂತ್ರದ ಸಂಗತಿಯನ್ನು ಸ್ವಲ್ಪ ವಿವರಿಸಬೇಕು. 1876ರಲ್ಲಿ ಜರ್ಮನಿಯ ನಿಕೊಲೌಸ್ ಓಟೊ ಎಂಬವನು ನಡೆಸಿ ತೋರಿಸಿದ ನಾಲ್ಕು ಹೊಡೆತಗಳ ಯಂತ್ರದಲ್ಲಿ ಪಿಸ್ಟನ್ನು ಒಮ್ಮೆ ಇಳಿಯುತ್ತ ಗಾಳಿ-ಇಂಧನವನ್ನು ಒಳಗೆಳೆದುಕೊಳ್ಳುತ್ತದೆ, ಏರುತ್ತ ಅದನ್ನು ಒತ್ತುತ್ತದೆ, ಉರಿಯ ಬಲದಿಂದ ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಕೆಲಸ ಮುಗಿಯುವಷ್ಟರಲ್ಲಿ ಕೆಳಗಿನ ಕ್ರ್ಯಾಂಕು ಎರಡು ಸುತ್ತು ತಿರುಗಿರುತ್ತದೆ. ಒಳಬಾಗಿಲೂ ಹೊರಬಾಗಿಲೂ ಆದ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟು ಅದೇ ಹೊತ್ತಿನಲ್ಲಿ ಒಂದೇ ಸುತ್ತು ತಿರುಗುತ್ತದೆ. ಆ ದಂಡದ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿವೆ. ಉಬ್ಬು ಎದುರಾದಾಗ ವಾಲ್ವು ತೆರೆಯುತ್ತದೆ, ಸರಿದಾಗ ಮುಚ್ಚುತ್ತದೆ. ಕ್ರ್ಯಾಂಕನ್ನೂ ಕ್ಯಾಮನ್ನೂ ಒಂದು ಚೈನು ಅಥವಾ ಪಟ್ಟಿ ಕೂಡಿಸಿರುತ್ತದೆ. ಹಾಗೆ ಕೂಡಿಸುವಾಗ ಯಾವ ಹಲ್ಲು ಯಾವ ಕೊಂಡಿಗೆ ಬರಬೇಕೆಂಬುದೇ ಟೈಮಿಂಗು.

ಪಿಸ್ಟನ್ನು ಇಳಿಯಲಾರಂಭಿಸಿದಾಗ ಒಳಬಾಗಿಲು ತೆರೆದು, ತಳ ಮುಟ್ಟಿದಾಗ ಮುಚ್ಚಬೇಕೆಂದು ನಮಗೆ ತೋಚಬಹುದು. ವಾಸ್ತವವಾಗಿ ಹಾಗಿಲ್ಲ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನ 1798 ಸಿ.ಸಿ. ಯಂತ್ರದಲ್ಲಿ, ಪಿಸ್ಟನ್ನು ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲೇ ಒಳವಾಲ್ವು ತೆರೆಯಲಾರಂಭಿಸುತ್ತದೆ. ತಳ ಮುಟ್ಟಿ 56 ಡಿಗ್ರಿ ಕಳೆದ ಮೇಲೆ ಮುಚ್ಚುತ್ತದೆ. ಹೊರವಾಲ್ವು ತಳಕ್ಕೆ 51 ಡಿಗ್ರಿ ಇರುವಾಗ ತೆರೆದು ತುದಿ ದಾಟಿ 21 ಡಿಗ್ರಿಗೆ ಮುಚ್ಚುತ್ತದೆ. ಇದಕ್ಕೆ ಕಾರಣ ಸುಂದರವಾಗಿದೆ: ಗಾಳಿಗೂ ತೂಕವಿದೆ. ನುಗ್ಗಲಾರಂಭಿಸಿದ ಗಾಳಿ ಪಿಸ್ಟನ್ನು ನಿಂತಿತೆಂದು ತಾನು ನಿಲ್ಲುವುದಿಲ್ಲ. ಇನ್ನೂ ತುಸು ಹೊತ್ತು ಒಳಗೆ ಬರುತ್ತಲೇ ಇರುತ್ತದೆ. ಬಾಗಿಲು ಮುಚ್ಚುವುದು ಅತಿಥಿಯೊಬ್ಬನು ಒಳಬಂದಾಗ ಅಲ್ಲ, ಅವನ ಹಿಂದಿನವರೂ ಬಂದು ಸೇರಿದಾಗ. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಡಿಗ್ರಿಯೆಂದರೆ ಒಂದು ಸೆಕೆಂಡಿನ 18,000ದಲ್ಲೊಂದು ಪಾಲು. ಇಂಥ ಕ್ಷಣಗಳನ್ನು ಲೆಕ್ಕ ಹಾಕಿ ಅದನ್ನು ಯಾರೋ ರಚಿಸಿದ್ದಾರೆ. ನಮ್ಮ ಪ್ರಶ್ನೆಯೆಲ್ಲ ಅದನ್ನು ಮರಳಿ ಕಟ್ಟುವವನದು.

ರಚಿಸಿದವರು ಮರಳಿ ಕಟ್ಟುವವನಿಗೆ ಒಂದು ಉಪಕಾರ ಮಾಡಿದ್ದಾರೆ. ಎರಡು ಹಲ್ಲುಗಾಲಿಗಳ ಮೇಲೂ ಒಂದೊಂದು ಗುರುತು ಹಾಕಿದ್ದಾರೆ. ಗುರುತುಗಳು ಎದುರುಬದುರಾಗುವಂತೆ ಚೈನು ತೊಡಿಸಿದರೆ ಆಯಿತು. ಗಾಳಿಯ ತೂಕ, ಡಿಗ್ರಿಗಳ ಲೆಕ್ಕ ಯಾವುದೂ ತಿಳಿದಿರಬೇಕಾಗಿಲ್ಲ. ಇದು ಸಣ್ಣ ಉಪಕಾರವಲ್ಲ. ಅಕ್ಷರ ಬಾರದವನೂ ಯಂತ್ರ ಕಟ್ಟಿ ಅನ್ನ ಸಂಪಾದಿಸುವಂತೆ ಮಾಡಿದ ಉಪಕಾರವದು.

ನಮ್ಮ ಶಾಲೆಯ ಹಿಂದಿರುವ ಗ್ಯಾರೇಜಿನಲ್ಲಿ ಹಳೆಯ ಅಂಬಾಸಿಡರ್ ಕಾರೊಂದರ ಯಂತ್ರವನ್ನು ಕಟ್ಟುತ್ತಿದ್ದಾಗ ನಾನು ಎರಡು ಭಾನುವಾರ ಅಲ್ಲಿ ಕುಳಿತಿದ್ದೆ. ಆ ಗಾಡಿಗಳ ತಯಾರಿಕೆ 2014ರಲ್ಲಿಯೇ ನಿಂತಿತಾದರೂ ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಅವುಗಳಲ್ಲಿ ಬಹುಕಾಲ ಬಳಸಿದ 1489 ಸಿ.ಸಿ. ಪೆಟ್ರೋಲು ಯಂತ್ರವು ಮೇಲೆ ಹೇಳಿದ ಎಂ.ಜಿ.ಬಿ. ಯಂತ್ರದ ವಂಶದ್ದೇ. ಹಿರಿಯ ಮಿಸ್ತ್ರಿ ಚೈನು ತೊಡಿಸಿ, ಬೆರಳಿನಿಂದ ಎರಡು ಗುರುತುಗಳನ್ನೂ ನನಗೆ ತೋರಿಸಿ, “ಖೂನಕ್ಕ ಖೂನ ಕುಂತದ ಗುರೂಜಿ, ಇನ್ನ ನನ್ನ ಮ್ಯಾಲ ಏನೂ ಇಲ್ಲ” ಎಂದನು. ಅವನ ಕೈಕೆಳಗೆ ಕೆಲಸ ಮಾಡುವ, ಕೈಗಾರಿಕಾ ತರಬೇತಿ ಮುಗಿಸಿ ಬಂದ ತಂಗಿಯ ಮಗನು ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತಿದ್ದನು. ಅವನು ಮೆಲ್ಲಗೆ, “ಮಾಮಾ, ಚೈನು ಹೊಸಾದು, ಕ್ಯಾಮು ಸಾಣಿ ಹಿಡಿಸಿದ್ದು. ಖೂನ ಅಷ್ಟ ಹಳೇದು” ಎಂದನು.

ಈ ಎರಡು ಮಾತುಗಳ ನಡುವೆ ಇರುವುದೇ ನನ್ನ ಲೇಖನದ ವಿಷಯ. ಇಬ್ಬರೂ ಸುಳ್ಳು ಹೇಳಲಿಲ್ಲ. ಹಿರಿಯನ ಮಾತಿನಲ್ಲಿ ಒಂದು ಪೂರ್ಣವಾದ ನೀತಿಸಿದ್ಧಾಂತವೇ ಇದೆ: ನನಗೆ ಹೇಳಿಕೊಟ್ಟುದನ್ನು ನಾನು ನಿಷ್ಠೆಯಿಂದ ಮಾಡಿದ್ದೇನೆ, ಫಲಕ್ಕೆ ನಾನು ಹೊಣೆಯಲ್ಲ. ಜಗತ್ತಿನ ಕೆಲಸದಲ್ಲಿ ಹೆಚ್ಚಿನ ಪಾಲು ನಡೆಯುವುದು ಈ ಸಿದ್ಧಾಂತದ ಮೇಲೆಯೇ. ನಾವು ಶಿಕ್ಷಕರು ಪಾಠಕ್ರಮವನ್ನು ಮುಗಿಸಿ ರಿಜಿಸ್ಟರಿನಲ್ಲಿ ಸಹಿ ಮಾಡುವುದೂ ಇದೇ ಬಲದ ಮೇಲೆ. ಪಾಠ ಮುಗಿಯಿತು, ಗುರುತು ಕೂಡಿತು. ಮಗುವಿಗೆ ಭಾಗಾಕಾರ ಬಂದಿತೇ ಎಂಬುದು ಬೇರೆ ಮಾತು.

ಹಾಗಾದರೆ ಗುರುತು ಎಂದರೇನು? ಎರಡು ಗುರುತುಗಳು ಎದುರಾದವೆಂದರೆ ಎರಡು ಗಾಲಿಗಳು ಪರಸ್ಪರ ಹೊಂದಿದವೆಂದಷ್ಟೇ ಅರ್ಥ. ಆದರೆ ಬೇಕಾಗಿದ್ದುದು ಗಾಲಿಗಳ ಹೊಂದಿಕೆಯಲ್ಲ, ಪಿಸ್ಟನ್ನಿಗೂ ವಾಲ್ವಿಗೂ ಇರುವ ಹೊಂದಿಕೆ. ಪಿಸ್ಟನ್ನಿನಿಂದ ಕ್ರ್ಯಾಂಕು, ಕ್ರ್ಯಾಂಕಿನಿಂದ ಗಾಲಿ, ಗಾಲಿಯಿಂದ ಚೈನು, ಚೈನಿನಿಂದ ಇನ್ನೊಂದು ಗಾಲಿ, ಅದರಿಂದ ಕ್ಯಾಮು, ಕ್ಯಾಮಿನಿಂದ ಉಬ್ಬು, ಹೀಗೆ ನಡುವೆ ಅನೇಕ ಕೈಗಳಿವೆ. ಗಾಲಿಯನ್ನು ದಂಡಕ್ಕೆ ಬಿಗಿಯುವ ಕೀಲಿಯ ಗಾಡಿಯನ್ನು ಕೊರೆಯುವಾಗ ಕೂದಲೆಳೆಯ ವ್ಯತ್ಯಾಸ, ಗುರುತು ಹೊಡೆಯುವಾಗ ಇನ್ನಿಷ್ಟು, ಕ್ಯಾಮಿಗೆ ಮರಳಿ ಸಾಣೆ ಹಿಡಿಯುವಾಗ ಮತ್ತಿಷ್ಟು. ಹಳೆಯ ಚೈನಾಗಿದ್ದರೆ ಕೊಂಡಿಗಳು ಸವೆದು ಉದ್ದವಾಗಿ ಕ್ಯಾಮು ಹಿಂದುಳಿಯುತ್ತದೆ. ಕ್ಯಾಮು ಮೇಲ್ಗಡೆ ತಲೆಯಲ್ಲಿಯೇ ಇರುವ ಯಂತ್ರಗಳಲ್ಲಿ, ಹೆಡ್ಡಿನ ಮೈಯನ್ನು ಕೊರೆಸಿ ತೆಳುಮಾಡಿದರೂ ಅದು ಹಿಂದುಳಿಯುವುದುಂಟು. ಒಂದೊಂದೂ ಕ್ಷಮಿಸಬಹುದಾದ ತಪ್ಪು. ಎಲ್ಲವೂ ಒಂದೇ ದಿಕ್ಕಿಗೆ ಸೇರಿದಾಗ ಗುರುತು ಸತ್ಯವನ್ನೇ ಹೇಳುತ್ತಿದ್ದರೂ ಯಂತ್ರ ತಪ್ಪಾಗಿರುತ್ತದೆ. ಗುರುತು ಹೇಳುವುದು ಅದನ್ನು ಹೊಡೆದ ದಿನದ, ಆ ದಿನದ ವಸ್ತುಗಳ ಸಂಗತಿಯನ್ನು. ನಾವು ವಸ್ತುಗಳನ್ನು ಬದಲಿಸಿ, ಹಳೆಯ ಸಾಕ್ಷಿಯನ್ನು ಹೊಸ ಮೊಕದ್ದಮೆಗೆ ಕರೆತರುತ್ತೇವೆ.

ಇನ್ನು ತಪ್ಪಿನ ಸ್ವಭಾವವನ್ನು ನೋಡಿ. ಕ್ಯಾಮಿನ ಗಾಲಿಗೆ 40 ಹಲ್ಲುಗಳಿದ್ದು ಚೈನು ಒಂದು ಹಲ್ಲು ಜಾರಿ ಕುಳಿತರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18 ಡಿಗ್ರಿ ವ್ಯತ್ಯಾಸ ಬೀಳುತ್ತದೆ. ಎಡೆ ಕಡಿಮೆಯಿರುವ ಯಂತ್ರಗಳಲ್ಲಿ ಇಂಥ ತಪ್ಪು ಕೆಲವೊಮ್ಮೆ ಮೊದಲ ಸುತ್ತಿಗೇ ವಾಲ್ವನ್ನು ಪಿಸ್ಟನ್ನಿಗೆ ಬಡಿಸಿ ಬಗ್ಗಿಸಿಬಿಡುತ್ತದೆ. ಅಂಥ ಯಂತ್ರ ಒಳ್ಳೆಯ ಗುರುವಿದ್ದಂತೆ. ತಪ್ಪಿದ ಕೂಡಲೇ ಕಪಾಳಕ್ಕೆ ಹೊಡೆಯುತ್ತದೆ. ಅಲ್ಲಿ ಅಂತಃಕರಣಕ್ಕೆ ಕೆಲಸವಿಲ್ಲ, ಭಯವೇ ಸಾಕು. ನಾಲ್ಕು ಡಿಗ್ರಿಯ ತಪ್ಪು ಹಾಗಲ್ಲ. ಯಂತ್ರ ಹೊರಡುತ್ತದೆ, ಓಡುತ್ತದೆ, ಸದ್ದೂ ಕೆಟ್ಟಿರುವುದಿಲ್ಲ. ಕ್ಯಾಮು ಹಿಂದುಳಿದಿದ್ದರೆ ಒಳವಾಲ್ವು ಮುಚ್ಚುವುದು ಇನ್ನೂ ತಡವಾಗಿ, ಮೆಲ್ಲಗೆ ಹೋಗುವಾಗ ಒಳಬಂದ ಗಾಳಿಯಲ್ಲಿ ಸ್ವಲ್ಪ ಮರಳಿ ಹೊರಗೆ ಹೋಗುತ್ತದೆ. ಏರಿನಲ್ಲಿ ಎಳೆತ ಒಂದಿಷ್ಟು ಕಡಿಮೆ. ಮೂರನೆಯ ಗೇರಿನಲ್ಲಿ ಹತ್ತಬೇಕಾದಲ್ಲಿ ಎರಡನೆಯದಕ್ಕೆ ಇಳಿಸಬೇಕಾಗುತ್ತದೆ. ಮಾಲಿಕನು ಹಳೆಯ ಗಾಡಿ, ಇಷ್ಟೇ ಇರಬೇಕೆಂದುಕೊಳ್ಳುತ್ತಾನೆ. ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವವನಾದರೆ ಪ್ರತಿ ಟ್ಯಾಂಕಿನಲ್ಲಿಯೂ ಕೆಲವು ರೂಪಾಯಿಗಳನ್ನು ವರ್ಷಗಟ್ಟಲೆ ಕಳೆಯುತ್ತಾನೆ. ಯಾರ ಕೈಯಿಂದ ಕಳೆಯುತ್ತಿದೆಯೆಂದು ಎಂದಿಗೂ ತಿಳಿಯುವುದಿಲ್ಲ. ದೂರು ಕೊಡಲು ಅವನಿಗೆ ಕಾರಣವೇ ಸಿಗದು. ದಂಡನೆಯಿಲ್ಲದ, ದೂರಿಲ್ಲದ, ಮಾಡಿದವನಿಗೂ ಗೊತ್ತಿಲ್ಲದ ಹಾನಿಯಿದು. ಲೋಕದಲ್ಲಿ ದೊಡ್ಡ ಕಳವುಗಳಿಗಿಂತ ಇಂಥ ಹಾನಿಗಳ ಒಟ್ಟು ಮೊತ್ತವೇ ಹೆಚ್ಚಿರಬಹುದೆಂದು ನನ್ನ ಗುಮಾನಿ.

ಗೊತ್ತಿಲ್ಲದೆ ಆದುದಕ್ಕೆ ದೋಷವೆಲ್ಲಿಯದು ಎಂದು ಕೇಳುವವರಿದ್ದಾರೆ. ಗೊತ್ತುಮಾಡಿಕೊಳ್ಳುವ ದಾರಿಯೇ ಇಲ್ಲದಿದ್ದರೆ ನಾನೂ ಒಪ್ಪುತ್ತಿದ್ದೆ. ದಾರಿಯಿದೆ. ಕ್ರ್ಯಾಂಕಿನ ತುದಿಗೆ 360 ಡಿಗ್ರಿ ಬರೆದ ಒಂದು ತಟ್ಟೆಯನ್ನು ಬಿಗಿಯುತ್ತಾರೆ. ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಕೋನಮಾಪಕದ ಅಣ್ಣನೇ ಅದು. ತಟ್ಟೆ 21 ಸೆಂಟಿಮೀಟರ್ ಅಗಲವಿದ್ದರೆ ಸುತ್ತಳತೆ 66 ಸೆಂಟಿಮೀಟರ್. ಒಂದು ಡಿಗ್ರಿಗೆ ಸುಮಾರು 1.8 ಮಿಲಿಮೀಟರ್ ಬರುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಒಂದು ತಂತಿಯನ್ನು ಬಗ್ಗಿಸಿ ಮುಳ್ಳು ಮಾಡಿದರಾಯಿತು.

ಮೊದಲು ಪಿಸ್ಟನ್ನಿನ ನಿಜವಾದ ತುದಿಯನ್ನು ಹುಡುಕಬೇಕು. ಇಲ್ಲೊಂದು ವಿಚಿತ್ರವಿದೆ. ತುದಿಯ ಹತ್ತಿರ ಕ್ರ್ಯಾಂಕು ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಅಲ್ಲಾಡಿದಂತೆಯೇ ತೋರುವುದಿಲ್ಲ. ಆದುದರಿಂದ ತುದಿಯಲ್ಲಿ ನಿಂತು ತುದಿಯನ್ನು ಅಳೆಯಲಾಗದು. ಪಿಸ್ಟನ್ನಿನ ದಾರಿಗೆ ಸ್ವಲ್ಪ ಕೆಳಗೆ ಒಂದು ಅಡ್ಡಿಯನ್ನು ಇಟ್ಟು, ಒಂದು ದಿಕ್ಕಿನಿಂದ ತಾಗಿಸಿ ಅಂಕೆ ಬರೆದುಕೊಳ್ಳುತ್ತಾರೆ. ಇನ್ನೊಂದು ದಿಕ್ಕಿನಿಂದ ತಾಗಿಸಿ ಮತ್ತೆ ಬರೆದುಕೊಳ್ಳುತ್ತಾರೆ. ಒಂದು ಕಡೆ 18, ಇನ್ನೊಂದು ಕಡೆ 24 ಬಂದರೆ, ಎರಡೂ ಕಡೆ 21 ಬರುವಂತೆ ಮುಳ್ಳನ್ನು ಸರಿಪಡಿಸಿದಾಗ ಸೊನ್ನೆಯು ನಿಜವಾದ ತುದಿಗೆ ಬಂದಿತು. ಕ್ಯಾಮಿನ ಉಬ್ಬಿನದೂ ಹೀಗೆಯೇ. ಅದರ ನೆತ್ತಿಯೂ ಚಪ್ಪಟೆ. ಡಯಲ್ ಗೇಜನ್ನು ಇಟ್ಟು, ನೆತ್ತಿಗೆ ಒಂದಿಂಚಿನ ಸಾವಿರದಲ್ಲಿ 50 ಪಾಲು ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಟ್ಟೆಯ ಅಂಕೆಯನ್ನು ಓದಿ, ಕೂಡಿಸಿ ಅರ್ಧ ಮಾಡಬೇಕು. ಎಂ.ಜಿ.ಬಿ. ಯಂತ್ರಕ್ಕೆ ಈ ಅರ್ಧವು ತುದಿ ದಾಟಿ 110 ಡಿಗ್ರಿಗೆ ಬರಬೇಕು. ಮೇಲೆ ಕೊಟ್ಟ 16 ಮತ್ತು 56ರಿಂದ ವಾಚಕರು ತಾವೇ ಲೆಕ್ಕ ಹಾಕಿ ನೋಡಬಹುದು. ಗೇಜು 82 ಮತ್ತು 146 ತೋರಿಸಿತೆಂದರೆ ಅರ್ಧ 114. ಕ್ಯಾಮು ನಾಲ್ಕು ಡಿಗ್ರಿ ತಡವಾಗಿದೆ.

ಓದುವಾಗ ಇನ್ನೊಂದು ನಿಯಮವುಂಟು. ಚೈನು ತೊಡಿಸಿದ ಮೇಲೆ ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸುತ್ತ ಅಂಕೆ ಓದಬೇಕು. ಬೇಕಾದ ಸ್ಥಾನವನ್ನು ಸ್ವಲ್ಪ ದಾಟಿಹೋಯಿತೆಂದು ಹಿಂದಕ್ಕೆ ತಿರುಗಿಸಿ ಮುಳ್ಳನ್ನು ಅಂಕೆಯ ಮೇಲೆ ತಂದು ನಿಲ್ಲಿಸಿದರೆ, ಚೈನಿನ ಸಡಿಲವು ಇನ್ನೊಂದು ಮಗ್ಗುಲಿಗೆ ಹೋಗಿ ಓದಿಕೆ ಕೆಡುತ್ತದೆ. ದಾಟಿದವನು ಬಹಳ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಆ ಹುಡುಗನು ನಾಲ್ಕು ಸಲ ಹಾಗೆ ಮಾಡಿದ್ದನ್ನು ನೋಡಿದೆ. ಮನಸ್ಸಿಗೆ ಬೇಕಾದ ಅಂಕೆಯ ಮೇಲೆ ಮುಳ್ಳನ್ನು ನಿಲ್ಲಿಸುವುದು ಎಷ್ಟು ಸುಲಭ! ಅಳತೆಯ ಸಲಕರಣೆ ಕೈಯಲ್ಲಿದ್ದ ಮಾತ್ರಕ್ಕೆ ಮನುಷ್ಯನು ಸತ್ಯವಂತನಾಗುವುದಿಲ್ಲ. ಗುರುತನ್ನು ನಂಬುವವನಿಗೆ ಇಲ್ಲದ ಒಂದು ಹೊಸ ಮೋಸಕ್ಕೂ ಅವನಿಗೆ ಅವಕಾಶ ದೊರೆಯುತ್ತದೆ.

ಈಗ ಹಿರಿಯ ಮಿಸ್ತ್ರಿಯ ಸಿದ್ಧಾಂತಕ್ಕೆ ಬರೋಣ. ‘ನನ್ನ ಮ್ಯಾಲ ಏನೂ ಇಲ್ಲ’ ಎಂಬ ಮಾತು ಯಾವಾಗ ಸಲ್ಲುತ್ತದೆ? ಗಾಡಿಯ ಚೈನು ಮಾತ್ರ ಕಡಿದು, ಮೂಲದ ಗಾಲಿ, ಮೂಲದ ಕ್ಯಾಮುಗಳು ಇದ್ದಂತೆಯೇ ಇದ್ದು, ಹೊಸ ಚೈನನ್ನು ಗುರುತಿಗೆ ಹಾಕಿ ಕೊಟ್ಟರೆ ಅದು ಪೂರ್ಣವಾಗಿ ಸಲ್ಲುತ್ತದೆಂದು ನನ್ನ ಅಭಿಪ್ರಾಯ. ಆಗ ರಚಿಸಿದವನ ಹೊಣೆ ರಚಿಸಿದವನಲ್ಲಿಯೇ ಇದೆ; ಮಿಸ್ತ್ರಿ ಅವನ ಕೈ ಮಾತ್ರ. ಆದರೆ ಯಂತ್ರವನ್ನು ತಳದವರೆಗೂ ಬಿಚ್ಚಿ, ಕ್ಯಾಮಿಗೆ ಸಾಣೆ ಹಿಡಿಸಿ, ಬೇರೆ ಕಂಪನಿಯ ಗಾಲಿಯನ್ನು ತಂದು ಹಾಕಿದವನು ಅಷ್ಟರಮಟ್ಟಿಗೆ ತಾನೇ ರಚಿಸಿದವನ ಪೀಠವನ್ನು ಏರಿದ್ದಾನೆ. ಗುರುತನ್ನು ಕೊಟ್ಟವನು ಕೊಟ್ಟ ಆಶ್ವಾಸನೆ ಅವನ ವಸ್ತುಗಳಿಗೆ ಮಾತ್ರ. ಆ ವಸ್ತುಗಳನ್ನು ತೆಗೆದೆಸೆದು ಆಶ್ವಾಸನೆಯನ್ನು ಮಾತ್ರ ಇಟ್ಟುಕೊಳ್ಳುವುದು ನ್ಯಾಯವಲ್ಲ. ಇಲ್ಲಿ ಸಂಶಯಪಡುವುದು ಹಿರಿಯರಿಗೆ ತೋರುವ ಅವಿಧೇಯತೆಯಲ್ಲ, ಬಿಚ್ಚಿದವನ ಕರ್ತವ್ಯ. ಬಿಚ್ಚದವನು ಸಂಶಯಪಟ್ಟರೆ ಅದು ಬರಿಯ ಚಪಲ. ಇದು ಯಂತ್ರಕ್ಕೆ ಮಾತ್ರವೇ ಅನ್ವಯಿಸುವ ನಿಯಮವೋ, ಹಿಂದಿನವರ ಆಚಾರಗಳನ್ನು ಅರ್ಧ ಬಿಚ್ಚಿ ಅರ್ಧ ಇಟ್ಟುಕೊಂಡಿರುವ ನಮ್ಮ ಮನೆಗಳಿಗೂ ಅನ್ವಯಿಸುವುದೋ ಎಂಬುದನ್ನು ನಾನು ಇಲ್ಲಿ ಬೆಳೆಸಹೋಗುವುದಿಲ್ಲ. ಅದಕ್ಕೆ ಬೇರೆಯ ಲೇಖನವೇ ಬೇಕಾದೀತು.

ಎಷ್ಟು ನಿಖರತೆ ಸಾಕು? ಕಾಲು ಡಿಗ್ರಿಗೂ ಜಗಳವಾಡುವುದು ಧರ್ಮವೇ? ಅರಿಸ್ಟಾಟಲನು ತನ್ನ ನೀತಿಗ್ರಂಥದ ಆರಂಭದಲ್ಲಿಯೇ, ಬಡಗಿಗೆ ಬೇಕಾದ ಲಂಬಕೋನ ಬೇರೆ, ರೇಖಾಗಣಿತದವನಿಗೆ ಬೇಕಾದುದು ಬೇರೆ, ವಿಷಯಕ್ಕೆ ತಕ್ಕಷ್ಟು ನಿಖರತೆಯನ್ನೇ ಕೇಳಬೇಕು ಎಂಬರ್ಥದ ಮಾತನ್ನಾಡಿದ್ದಾನೆ. ಸಂತೆಗೆ ಹೋಗಿಬರುವ ಗಾಡಿಗೆ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಆಕಾಶ ಕಳಚಿ ಬೀಳುವುದಿಲ್ಲ. ಪಂದ್ಯಕ್ಕೆ ಓಡಿಸುವವನಿಗೆ ಅದೂ ಬೇಕು. ಇಷ್ಟು ಮಾತ್ರ ನೆನಪಿಡಬೇಕು: ‘ಸಾಕು’ ಎನ್ನುವುದನ್ನು ಗಾಡಿ ಓಡಿಸುವವನ ಅಗತ್ಯ ಹೇಳಬೇಕೇ ಹೊರತು ಅಳೆಯುವವನ ಸೊಂಟನೋವು ಹೇಳಬಾರದು. ಇವೆರಡೂ ಒಂದೇ ಧ್ವನಿಯಲ್ಲಿ ಮಾತನಾಡುವುದರಿಂದ ಗುರುತಿಸುವುದು ಕಷ್ಟ.

ಆ ಗ್ಯಾರೇಜಿನಲ್ಲಿ ಕ್ಯಾಮು ಇರಬೇಕಾದುದಕ್ಕಿಂತ ನಾಲ್ಕು ಡಿಗ್ರಿಯಷ್ಟು ತಡವಾಗಿಯೇ ಬಂದಿತು. ಗಾಲಿ ಮತ್ತು ದಂಡದ ನಡುವಿನ ನೇರವಾದ ಕೀಲಿಯನ್ನು ತೆಗೆದು, ನಡುವಿನಲ್ಲಿ ಮೆಟ್ಟಿಲಿನಂತೆ ಸ್ವಲ್ಪ ಪಕ್ಕಕ್ಕೆ ಸರಿದ ಕೀಲಿಯೊಂದನ್ನು ಹಾಕಿದರೆ ಗಾಲಿ ಅಲ್ಲಿಯೇ ಇದ್ದು ಕ್ಯಾಮು ಮಾತ್ರ ಮುಂದೆ ಸರಿಯುತ್ತದೆ. ಇಂಗ್ಲೆಂಡಿನಲ್ಲಿ ಈ ವಂಶದ ಯಂತ್ರಗಳಿಗೆ ಇಂಥ ಕೀಲಿಗಳನ್ನು ಡಿಗ್ರಿಯ ಲೆಕ್ಕದಲ್ಲಿ ಮಾರುತ್ತಾರೆ. ಇಲ್ಲಿ ಲೇಥಿನವನಿಂದ ಒಂದನ್ನು ಕೊರೆಯಿಸಿ ತಂದರು. ಹಿರಿಯ ಮಿಸ್ತ್ರಿ ಸಿಟ್ಟಾಗಲಿಲ್ಲ. ಆದರೆ ಅವನೊಂದು ಪ್ರಶ್ನೆ ಕೇಳಿದನು. ಅದಕ್ಕೆ ಪ್ಲೇಟೊವಿನಲ್ಲಿಯಾಗಲಿ ಕನಕನ ಕಥೆಯಲ್ಲಿಯಾಗಲಿ ಉತ್ತರವಿಲ್ಲ. “ಯಂತ್ರ ಕಟ್ಟೂದಕ್ಕ ಇಷ್ಟ ರೊಕ್ಕ ಅಂತ ಮಾತಾಗೇದ. ಈ ಅರ್ಧ ದಿವಸದ ಪಗಾರ ಯಾರ ಕೊಡಬೇಕ್ರಿ ಗುರೂಜಿ?”

ನಿಖರತೆಯನ್ನು ಹೊಗಳುವ ನಾವು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದು ವಾಡಿಕೆ. ತಿಂಗಳ ಸಂಬಳದವರಿಗೆ ಕಾಯಕದ ಶುದ್ಧಿಯ ಮೇಲೆ ಭಾಷಣ ಮಾಡುವುದು ಸುಲಭ. ಗುತ್ತಿಗೆಯ ಕೂಲಿಯವನಿಗೆ ಪ್ರತಿ ಡಿಗ್ರಿಯೂ ಮನೆಯ ಹಿಟ್ಟಿನ ಡಬ್ಬಿಯಿಂದ ಬರುತ್ತದೆ. ಆದ್ದರಿಂದ ಅಳೆಯದವನನ್ನೆಲ್ಲ ನಾನು ಅಪರಾಧಿಯೆನ್ನಲಾರೆ. ಅವನಿಂದ ನಾವು ಕೇಳಬಹುದಾದುದು ಇಷ್ಟೇ: ‘ಗುರುತಿಗೆ ಕೂಡಿಸಿದ್ದೇನೆ, ಅಳೆದು ನೋಡಿಲ್ಲ, ನೋಡಬೇಕೆಂದರೆ ಇನ್ನಿಷ್ಟು ಆಗುತ್ತದೆ’ ಎಂಬ ಒಂದು ಮಾತು. ಈ ಮಾತಿಗೆ ಖರ್ಚಿಲ್ಲ. ಅದನ್ನು ಆಡಿದ ಮೇಲೆ ಹೊಣೆಯು ಗಾಡಿಯ ಮಾಲಿಕನ ಕಡೆಗೆ ಸರಿಯುತ್ತದೆ. ಆಡದೆ ಮುಚ್ಚಳ ಹಾಕಿದರೆ ಮುಚ್ಚಳದೊಳಗೇ ಉಳಿಯುತ್ತದೆ. ಮಾಲಿಕನು ಕೇಳಿಯೂ ‘ಬೇಡ, ಓಡಿದರೆ ಸಾಕು’ ಎಂದರೆ ಮಿಸ್ತ್ರಿ ನಿಶ್ಚಿಂತನಾಗಿ ಕೈ ತೊಳೆದುಕೊಳ್ಳಬಹುದು.

ಆ ದಿನ ಮಾಲಿಕನಿಗೆ ಫೋನು ಮಾಡಿ ಕೇಳಿದರು. ಅವನು ಅರ್ಧ ಕೊಡುತ್ತೇನೆಂದನು. ಉಳಿದ ಅರ್ಧವನ್ನು ಮಿಸ್ತ್ರಿ ಲೆಕ್ಕದ ಪುಸ್ತಕದಲ್ಲಿ ಯಾರ ಹೆಸರಿಗೂ ಹಚ್ಚದೆ, ಆ ಸಾಲಿನ ಮುಂದೆ ಕೀಲಿ ಎಂದು ಮಾತ್ರ ಬರೆದು, ಮುಚ್ಚಳದ ಬೋಲ್ಟುಗಳನ್ನು ಬಿಗಿಯಲು ಕುಳಿತನು.